ನನಗಿಂತ ಮೊದಲೇ ಬಂದು ಹೋಗುತ್ತಿದ್ದವನು

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದವನು ನಾನು. ‘ಅವತ್ತು ನಿಮಗೆ ಜ್ವರ ಇದ್ದಿರಬೇಕು’, ‘ಕತ್ತಲಲ್ಲಿ ಸರಿಯಾಗಿ ಕಂಡಿರಲಿಕ್ಕಿಲ್ಲ’ ಎಂದು ಒಂದು ಕಾರಣ ಹುಡುಕಿ ಕೊಟ್ಟ ಮೇಲೇ ನನಗೆ ಸಮಾಧಾನ. ಹಾಗಾಗಿ ಈಗ ನಾನು ಹೇಳುವುದನ್ನು ಓದಿ ನೀವೂ ಹಾಗೆಯೇ ಮಾಡಿದರೆ ಬೇಸರವಿಲ್ಲ. ಆದರೆ ನನಗೆ ಜ್ವರವಿರಲಿಲ್ಲ. ಕತ್ತಲೂ ಇರಲಿಲ್ಲ. ಎಲ್ಲವೂ ನಡೆದದ್ದು ಹಗಲು ಹೊತ್ತಿನಲ್ಲಿ, ಜನ ಗಿಜಿಗುಡುವ ಹೋಟೆಲುಗಳಲ್ಲಿ. ಇನ್ನೊಂದು ವಿಷಯ, ನನಗೆ ಆಗ ಭಯವೇನೂ ಆಗಲಿಲ್ಲ. ಆದದ್ದು ಕಿರಿಕಿರಿ. ಅದು ಇವತ್ತಿಗೂ ಹೋಗಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು ಸಾಮಾನಿನ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ದುರ್ಗಿಗುಡಿಯಲ್ಲಿ ಮನೆ. ಮನೆಯಲ್ಲಿ ಅಪ್ಪ ಮತ್ತು ನಾನು, ಇಬ್ಬರೇ. ಅಮ್ಮ ತೀರಿಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತರಾಗಿದ್ದ ಅಪ್ಪ ಅನ್ನ ಸಾರು ಮಾಡುವಷ್ಟು ಕಲಿತುಕೊಂಡಿದ್ದರು. ಆದರೂ ನಾನು ಹೋಟೆಲುಗಳಲ್ಲೇ ಹೆಚ್ಚು ತಿನ್ನುತ್ತಿದ್ದೆ.

ನನ್ನ ಜೊತೆಗಾರ ಬಶೀರ್. ನಮ್ಮ ಅಂಗಡಿಯ ಹಿಂದೆ ಅವನ ಲಾರಿ ರಿಪೇರಿ ಶೆಡ್ ಇತ್ತು. ವಾರದಲ್ಲಿ ಬಿಡುವಾದಾಗಲೆಲ್ಲ ಇಬ್ಬರೂ ಅದುವರೆಗೆ ಕಾಲಿಡದ ಹೋಟೆಲೊಂದನ್ನು ಹುಡುಕಿಕೊಂಡು ಹೋಗುವುದು ನಮಗೊಂದು ಚಟವಾಗಿತ್ತು. ಗಾಂಧಿಬಜಾರಿನ ಒಳಗಲ್ಲಿಯಲ್ಲಿ ಬೆಣ್ಣೆ ಸವರಿದ ಖಾಲಿದೋಸೆ ಹಾಕುತ್ತಿದ್ದ ಅಜ್ಜ, ಸಾಂಬಾರಿಗೆ ಬೆಲ್ಲ ಸುರಿಯುತ್ತಿದ್ದ ಉಡುಪಿ ಹೋಟೆಲು, ಭದ್ರಾವತಿಯಲ್ಲಿ ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಇಡ್ಲಿ ಹಬೆಯಾಡಿಸುತ್ತಿದ್ದ ತಮಿಳರವನ ಅಂಗಡಿ, ಹೀಗೆ ಒಂದೊಂದನ್ನೂ ನೋಡಿ ಬಂದು ಶೆಡ್ಡಿನಲ್ಲಿ ಕೂತು ಚರ್ಚೆ ಮಾಡುತ್ತಿದ್ದೆವು. ಬಶೀರನದು ಯಾವಾಗಲೂ ಕೊನೆಯ ತೀರ್ಪು. “ಚಟ್ನಿ ಸರಿ ಇಲ್ಲ ಅಂದ್ರೆ ಆ ಹೋಟೆಲ್ ಎಂಜಿನ್ನೇ ಸರಿ ಇಲ್ಲ ಅಂತ ಲೆಕ್ಕ ಮಾರಾಯ” ಎನ್ನುತ್ತಿದ್ದ.

ಮೊದಲ ಸಲ ಅದು ನಡೆದದ್ದು ತುಂಗಾ ಸೇತುವೆಯ ಕಡೆ ಹೊಸದಾಗಿ ತೆರೆದಿದ್ದ ಹೋಟೆಲಿನಲ್ಲಿ. ನಾವು ಕೂತ ಕೂಡಲೇ ಸಪ್ಲೈಯರ್ ಬಂದು, ಕೇಳದೆಯೇ ನನ್ನ ಮುಂದೆ ಗಾಜಿನ ಲೋಟದಲ್ಲಿ ಕಾಫಿ ಇಟ್ಟ. ಸಕ್ಕರೆ ಹಾಕಿರಲಿಲ್ಲ. ನಾನು ಕಾಫಿ ಕುಡಿಯುವುದೇ ಹಾಗೆ, ಹಿತ್ತಾಳೆ ಲೋಟದಲ್ಲಿ ಕೊಟ್ಟರೆ ಮುಟ್ಟುವುದಿಲ್ಲ. “ನಿಮ್ಗೆ ಹಿಂಗೇ ಅಲ್ವಾ ಸಾರ್?” ಎಂದ. ನಾನು ಈ ಹೋಟೆಲಿಗೆ ಬಂದೇ ಇಲ್ಲ ಎಂದೆ. ಅವನು ನಕ್ಕು ಹೋದ. ಬಶೀರ್ ಹುಬ್ಬು ಹಾರಿಸಿ, “ನನ್ನ ಬಿಟ್ಟು ಒಬ್ನೇ ಬಂದಿದ್ಯಾ?” ಎಂದು ಕೇಳಿದ. ಇಲ್ಲವೆಂದು ನಂಬಿಸಲು ನನಗೆ ಸಾಕುಬೇಕಾಯಿತು.

ಆಮೇಲೆ ಅದು ಎಲ್ಲ ಕಡೆಯೂ ಶುರುವಾಯಿತು. ಹೊಸ ಹೋಟೆಲು ಎಂದು ಆಸೆಯಿಂದ ಹೋದರೆ ಅಲ್ಲಿ ನಾನು ಹಳೆಯ ಗಿರಾಕಿ. ಒಂದು ಕಡೆ ಗಲ್ಲಾದ ಮೇಲಿದ್ದ ಯಜಮಾನರು “ಎರಡು ದಿನ ಕಾಣ್ಲೇ ಇಲ್ಲ?” ಎಂದು ವಿಚಾರಿಸಿದರು. ಇನ್ನೊಂದು ಕಡೆ ಗೋಡೆ ಪಕ್ಕದ ಮೂಲೆಯ ಟೇಬಲ್ ತೋರಿಸಿ ‘ನಿಮ್ಮ ಜಾಗ’ ಎಂದರು. ಮೊದಲೇ ಗುರುತಿದ್ದ ಭದ್ರಾವತಿಯ ತಮಿಳರವನಂತೂ ನನ್ನನ್ನು ಕಂಡು ಕಣ್ಣರಳಿಸಿ, “ಇದೇನು ಸಾರ್, ಈಗ ತಾನೇ ಕೈ ತೊಳ್ಕೊಂಡು ಹೋದ್ರಿ. ಏನಾದ್ರೂ ಮರ್ತು ಹೋದ್ರಾ?” ಎಂದ. ನಾನು ಬೀದಿಗೆ ಓಡಿ ಎರಡೂ ಕಡೆ ನೋಡಿದೆ. ಪಾಳಿ ಬಿಟ್ಟು ಸೈಕಲ್ ಮೇಲೆ ಹೋಗುವವರು ಬಿಟ್ಟರೆ ಯಾರೂ ಇಲ್ಲ. ಒಳಗೆ ಬಂದು ಆ ಬೆಂಚಿನ ಮೇಲೆ ಕೂರಲು ಮನಸ್ಸಾಗಲಿಲ್ಲ. ನಿಂತುಕೊಂಡೇ ಇಡ್ಲಿ ತಿಂದೆ. ರುಚಿ ಹತ್ತಲಿಲ್ಲ.

ನನ್ನ ಹಾಗೆಯೇ ಕಾಣುವ ಇನ್ನೊಬ್ಬ ಇದ್ದಾನೆ, ಇರಲಿ, ಲೋಕದಲ್ಲಿ ಅಂಥದು ಉಂಟು ಎಂದು ಸುಮ್ಮನಿರಬಹುದಿತ್ತು. ಸುಮ್ಮನಿದ್ದೆ ಕೂಡ. ಆದರೆ ಅಷ್ಟರಲ್ಲಿ ಮದುವೆಯ ವಿಷಯ ಬಂತು.

ಭದ್ರಾವತಿಯ ಹಳೇ ಊರಿನ ಹುಡುಗಿ, ಹೆಸರು ಪಾರ್ವತಿ. ತಂದೆಯಿಲ್ಲದ ಅವಳನ್ನು ಸಾಕಿದ್ದು ಚಿಕ್ಕಪ್ಪ ರುದ್ರಪ್ಪನವರು. ಅವರು ಜವಳಿ ವ್ಯಾಪಾರಿ, ಶಿವಮೊಗ್ಗಕ್ಕೆ ಮೇಲಿಂದ ಮೇಲೆ ಬರುವವರು. ಹೆಣ್ಣು ನೋಡಿ ಬಂದ ಮೇಲೆ ಅಪ್ಪನ ಮುಖದಲ್ಲಿ ಬಹಳ ದಿನಗಳಿಂದ ಇಲ್ಲದ ಗೆಲುವು ಕಂಡಿತ್ತು. ನನಗೂ ಆ ಹುಡುಗಿ ಮನಸ್ಸಿಗೆ ಬಂದಿದ್ದಳು. ಕಾಫಿ ಕೊಡುವಾಗ ಲೋಟ ಓರೆಯಾಗಿ ಬಟ್ಟಲಿಗೆ ಚೆಲ್ಲಿತು. ಅದಕ್ಕೆ ನಾಚಿಕೊಳ್ಳುವ ಬದಲು ಅವಳು ತಡೆಯಲಾರದೆ ನಕ್ಕುಬಿಟ್ಟಿದ್ದಳು.

ವಾರ ಕಳೆಯುವಷ್ಟರಲ್ಲಿ ರುದ್ರಪ್ಪನವರಿಂದ ಮಾತು ಬಂತು. ಹುಡುಗನನ್ನು ಭದ್ರಾವತಿಯ ಮಿಲಿಟರಿ ಹೋಟೆಲಿನಲ್ಲಿ ಅವರ ಕಡೆಯವರು ನೋಡಿದ್ದಾರಂತೆ, ಒಂದು ಸಲವಲ್ಲ, ಮತ್ತೆ ಮತ್ತೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮಾಂಸ ಮುಟ್ಟುವವರಿಗೆ ಹೆಣ್ಣು ಕೊಡುವುದಿಲ್ಲ. ಇಷ್ಟು ಹೇಳಿ ಕಳಿಸಿದ್ದರು.

ನಾನು ಹೋಗಿಲ್ಲ ಎಂದು ಅಪ್ಪನ ಮುಂದೆ ಹೇಳಿದೆ. ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ಮನೇಲಿ ಊಟ ಸೇರದೇ ಇದ್ರೆ ಏನ್ ಮಾಡೋಕಾಗತ್ತೆ” ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದರು. ಒಬ್ಬನೇ ಒಬ್ಬ ನನ್ನನ್ನು ನಂಬಿದ್ದು ಬಶೀರ್. ಅದೂ ಅವನ ಕಾರಣಕ್ಕೆ. “ಮಿಲಿಟರಿ ಹೋಟೆಲಿಗೆ ನೀನು ನನ್ನ ಬಿಟ್ಟು ಹೋಗಲ್ಲ, ಅದು ನಂಗೆ ಗ್ಯಾರಂಟಿ. ನಡಿ, ಆ ಮನುಷ್ಯನ್ನ ಹಿಡಿದು ರುದ್ರಪ್ಪನೋರ ಮುಂದೆ ನಿಲ್ಲಿಸೋಣ” ಎಂದ.

ಆ ಭಾನುವಾರ ಬೆಳಿಗ್ಗೆಯೇ ಭದ್ರಾವತಿಗೆ ಹೊರಟೆವು. ಮಾಚೇನಹಳ್ಳಿ ದಾಟುವಾಗ ಬಸ್ಸು ಕೆಟ್ಟು ನಿಂತಿತು. ಬಶೀರನೇ ಇಳಿದು, ಬಾನೆಟ್ ಎತ್ತಿ, ಡ್ರೈವರನಿಗೆ ಬಯ್ಯುತ್ತ ಅದನ್ನು ಸರಿಮಾಡಿದ. ಮಿಲಿಟರಿ ಹೋಟೆಲು ಕಾರ್ಖಾನೆಯ ರಸ್ತೆಯಲ್ಲಿತ್ತು. ನಾನು ಬಾಗಿಲಲ್ಲೇ ಮೂಗಿಗೆ ಕರ್ಚೀಫು ಹಿಡಿದು ನಿಂತೆ. ಒಳಗಿನಿಂದ ತೆಲುಗಿನ ಯಜಮಾನ ನನ್ನನ್ನು ನೋಡಿದವನೇ, “ರಾ ಸಾರ್, ಇವತ್ತು ಬೇಗ ಬಂದ್ರಿ” ಎಂದ. ನನಗೆ ಅಲ್ಲೇ ಅವನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು. ಬಶೀರ್ ನನ್ನನ್ನು ಹಿಂದಕ್ಕೆ ತಳ್ಳಿ, ಇವರು ಇಲ್ಲಿ ಏನು ತಿನ್ನುತ್ತಾರೆ ಎಂದು ಕೇಳಿದ.

“ಇವ್ರಾ? ಇವ್ರು ಮಾಂಸ ಮುಟ್ಟೋದೇ ಇಲ್ಲ. ಅನ್ನ, ಮಜ್ಜಿಗೆ, ಅಷ್ಟೇ. ಮಧ್ಯಾಹ್ನ ಬರ್ತಾರೆ, ಆ ಮೂಲೇಲಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂರ್ತಾರೆ. ಯಾರ ಜೊತೇನೂ ಮಾತಿಲ್ಲ. ಈ ಬರೀ ಅನ್ನಕ್ಕೆ ಇಲ್ಲಿಗ್ಯಾಕೆ ಬರ್ತೀರಿ ಸಾರ್ ಅಂತ ನಾನೇ ಕೇಳ್ಬೇಕು ಅಂತಿದ್ದೆ.”

ಬಶೀರ್ ನನ್ನ ಮುಖ ನೋಡಿದ. ಅವನ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

ಎದುರಿಗಿದ್ದ ಚಹಾ ಅಂಗಡಿಯಲ್ಲಿ ಇಬ್ಬರೂ ಕಾದು ಕೂತೆವು. ಮಧ್ಯಾಹ್ನವಾಯಿತು. ಪಾಳಿಯ ಸೈರನ್ ಕೂಗಿತು, ಜನ ಬಂದರು, ತಿಂದರು, ಹೋದರು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಬರುವ ಪ್ರತಿಯೊಬ್ಬನ ಮುಖದಲ್ಲೂ ನನ್ನ ಮುಖ ಹುಡುಕಿ ಹುಡುಕಿ, ಕೊನೆಗೆ ನನ್ನ ಮುಖ ಹೇಗಿದೆ ಎನ್ನುವುದೇ ಅನುಮಾನವಾಗಿ, ಚಹಾ ಅಂಗಡಿಯ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡೆ. ಅವನು ಮಾತ್ರ ಬರಲಿಲ್ಲ. ಬೇಡದ ದಿನಗಳಲ್ಲೆಲ್ಲ ನನಗಿಂತ ಮೊದಲೇ ಬಂದು ಕೂರುತ್ತಿದ್ದವನು, ಬೇಕಾದ ಒಂದೇ ಒಂದು ದಿನ ನಾಪತ್ತೆ. ಬಿಸಿಲು ಇಳಿದ ಮೇಲೆ ಬಾಯಿಗೆ ಬಂದಂತೆ ಬಯ್ಯುತ್ತ ಬಸ್ಸು ಹತ್ತಿದೆವು.

ಬಶೀರನೂ ನಾನೂ ಮನೆಗೆ ಬಂದರೆ ಜಗಲಿಯ ಮೇಲೆ ಅಪ್ಪನ ಪಕ್ಕದಲ್ಲಿ ರುದ್ರಪ್ಪನವರು ಕೂತಿದ್ದರು. ಮುಂದೆ ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ. ನನ್ನನ್ನು ನೋಡಿ ನಗುತ್ತ, “ಬಾರಪ್ಪ, ನಿನ್ನ ದಾರೀನೇ ನೋಡ್ತಿದ್ವಿ. ಅಂಗಿ ಬದ್ಲಾಯಿಸಿ ಎಲ್ಲಿಗೆ ಹೋಗಿದ್ದೆ?” ಎಂದರು.

ಅವರು ಹೇಳಿದ್ದು ಇಷ್ಟು. ಆ ದಿನ ಮಧ್ಯಾಹ್ನ ಅವರು ಗಾಂಧಿಬಜಾರಿನ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದಾಗ ನಾನು ಹೋಗಿ ಎದುರಿಗೆ ಕೂತೆನಂತೆ. ಮಿಲಿಟರಿ ಹೋಟೆಲಿಗೆ ಹೋದದ್ದು ನಿಜ ಎಂದೆನಂತೆ. ಮಾಂಸ ತಿನ್ನಲು ಅಲ್ಲ, ಅಲ್ಲಿ ನಮ್ಮವರು ಯಾರೂ ಕಾಣುವುದಿಲ್ಲ, ಉಂಡೆಯಾ ಎಂದು ಕೇಳುವವರಿಲ್ಲ, ಅದಕ್ಕೆ ಎಂದೆನಂತೆ.

ಮುಂದಿನ ಮಾತನ್ನು ರುದ್ರಪ್ಪನವರು ಅಪ್ಪನ ಕಡೆ ತಿರುಗಿ ನಿಧಾನವಾಗಿ ಹೇಳಿದರು. “ಅಮ್ಮ ಹೋದ ಮೇಲೆ ಮನೇಲಿ ಊಟಕ್ಕೆ ಕೂತ್ರೆ, ಅಪ್ಪ ನನಗೋಸ್ಕರ ಉಣ್ತಾರೆ, ನಾನು ಅಪ್ಪನಿಗೋಸ್ಕರ ಉಣ್ತೀನಿ, ಇಬ್ರಿಗೂ ಹಸಿವಿರಲ್ಲ ಅಂದ. ಹೋಟೆಲಲ್ಲಿ ಯಾರಿಗೋಸ್ಕರಾನೂ ನಾಟಕ ಆಡ್ಬೇಕಾಗಿಲ್ಲ ಅಂದ. ಮೇಷ್ಟ್ರೇ, ಇಂಥ ಹುಡುಗನ್ನ ಬಿಟ್ಟು ನಾನು ಇನ್ನೆಲ್ಲಿ ಹುಡುಕಲಿ? ಪಾರ್ವತಿಗೂ ಇದನ್ನೇ ಹೇಳ್ತೀನಿ.”

ಆ ಮಾತು ನಿಜ. ಅಕ್ಷರಶಃ ನಿಜ. ನಾನು ಹೋಟೆಲು ಸುತ್ತುತ್ತಿದ್ದದ್ದು ರುಚಿಗಲ್ಲ. ಆದರೆ ಅದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಬಶೀರನಿಗೂ ಹೇಳಿರಲಿಲ್ಲ. ನನ್ನೊಳಗೇ ಅದನ್ನು ಅಷ್ಟು ಸ್ಪಷ್ಟವಾಗಿ ಮಾತು ಮಾಡಿಕೊಂಡಿರಲಿಲ್ಲ.

“ಅದು ನಾನಲ್ಲ. ಇವತ್ತಿಡೀ ನಾನು ಭದ್ರಾವತಿಯಲ್ಲಿದ್ದೆ” ಎಂದೆ. ಬಶೀರ್ ಮುಂದೆ ಬಂದು, “ಅಲ್ಲಾ ಕಸಮ್, ನನ್ನ ಪಕ್ಕದಲ್ಲೇ ಇದ್ದ ರುದ್ರಪ್ಪನೋರೇ” ಎಂದ. ರುದ್ರಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. ಹುಡುಗ ನಾಚಿಕೊಳ್ಳುತ್ತಿದ್ದಾನೆ, ಸ್ನೇಹಿತ ಅದಕ್ಕೆ ತಾಳ ಹಾಕುತ್ತಿದ್ದಾನೆ ಎಂದುಕೊಂಡರು. ನಾನು ದನಿ ಎತ್ತಿದೆ. ಎತ್ತಿದಷ್ಟೂ ಅವರಿಗೆ ನಗು. ಸುಳ್ಳು ಆರೋಪವನ್ನು ಅಲ್ಲಗಳೆದಾಗಲೂ ಯಾರೂ ನಂಬಲಿಲ್ಲ, ನನ್ನದಲ್ಲದ ಒಳ್ಳೆಯತನವನ್ನು ಅಲ್ಲಗಳೆದಾಗಲೂ ಯಾರೂ ನಂಬಲಿಲ್ಲ. ಇದಕ್ಕಿಂತ ರೇಗುವ ಸ್ಥಿತಿ ಮನುಷ್ಯನಿಗೆ ಬರಬಾರದು.

ಅವರು ಹೋದ ಮೇಲೆ ಅಪ್ಪ ತಟ್ಟೆಯ ಎಲೆ ಅಡಿಕೆ ಎತ್ತಿಟ್ಟರು. ಆಮೇಲೆ ಹೇಳಿದರು: “ನಂಗೂ ಹಂಗೇ ಆಗ್ತಿತ್ತು ಕಣೋ. ನೀನು ಉಣ್ಲಿ ಅಂತ ಉಣ್ತಿದ್ದೆ. ಇದನ್ನ ನಂಗೇ ಹೇಳಿದ್ರೆ ಆಗ್ತಿರ್ಲಿಲ್ವಾ?” ಅವರ ಕಣ್ಣು ತುಂಬಿತ್ತು. ಆ ಹೊತ್ತಿನಲ್ಲಿ ಅದು ನಾನಲ್ಲ ಎಂದು ಮತ್ತೆ ಹೇಳಲು ನನ್ನಿಂದ ಆಗಲಿಲ್ಲ. ಆ ರಾತ್ರಿ ಅಪ್ಪ ಅನ್ನಕ್ಕಿಟ್ಟರು, ನಾನು ಸಾರು ಮಾಡಿದೆ. ಇಬ್ಬರೂ ಹಸಿದು ಉಂಡೆವು.

ಮರುದಿನವೇ ಆ ಖಾನಾವಳಿಗೆ ಹೋಗಿ ವಿಚಾರಿಸಿದೆ. ಬಡಿಸುವಾಕೆ, “ನೀವೂ ಆ ಹಿರಿಯರೂ ಬಹಳ ಹೊತ್ತು ಕೂತಿದ್ರಲ್ಲ, ರೊಟ್ಟಿ ತಣ್ಣಗಾಯ್ತು ಅಂತ ನಾನು ಎರಡು ಸಲ ಬದ್ಲಾಯಿಸಿ ಕೊಟ್ಟೆ” ಎಂದರು. ಮುಖದ ಹೋಲಿಕೆಗೆ ಒಂದು ಕಾರಣ ಕೊಡಬಹುದು. ಸಕ್ಕರೆಯಿಲ್ಲದ ಕಾಫಿಗೂ ಕೊಡಬಹುದು. ನನ್ನ ಎದೆಯಲ್ಲಿದ್ದ ಮಾತು ಅವನ ಬಾಯಿಗೆ ಹೇಗೆ ಹೋಯಿತು ಎನ್ನುವುದಕ್ಕೆ ಏನು ಕಾರಣ ಕೊಡಲಿ? ಬಶೀರ್ ಈ ವಿಷಯ ಬಂದಾಗಲೆಲ್ಲ ಸ್ಪ್ಯಾನರು ಕೈಗೆತ್ತಿಕೊಂಡು ಲಾರಿಯ ಕೆಳಗೆ ಹೋಗಿಬಿಡುತ್ತಿದ್ದ.

ಅಲ್ಲಿಂದಾಚೆಗೆ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಯಾವ ಹೊಸ ಹೋಟೆಲಿನಲ್ಲೂ ನನ್ನನ್ನು ಗುರುತು ಹಿಡಿದವರಿಲ್ಲ. ನಾನು ಹುಡುಕದೆ ಬಿಡಲಿಲ್ಲ. ಮದುವೆಯಾದ ಮೇಲೂ ಒಬ್ಬನೇ ಹೋಗಿ ಮೂಲೆಯ ಟೇಬಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ನೋಡಿದ್ದೇನೆ. ಸಪ್ಲೈಯರ್ ಬಂದು ಏನು ಬೇಕು ಎಂದು ಕೇಳುತ್ತಾನೆ, ಅಷ್ಟೇ. ಸಿಕ್ಕಿದ್ದರೆ ಅವನಿಗೆ ಕೈ ಮುಗಿಯುತ್ತಿದ್ದೆನೋ, ಕಪಾಳಕ್ಕೆ ಬಾರಿಸುತ್ತಿದ್ದೆನೋ, ನನಗೇ ಗೊತ್ತಿಲ್ಲ.

ಪಾರ್ವತಿ ನನ್ನನ್ನು ಒಪ್ಪಿದ್ದು ಅವಳ ಚಿಕ್ಕಪ್ಪ ಬಂದು ಹೇಳಿದ ಆ ಮಾತು ಕೇಳಿ. ಇದನ್ನು ಅವಳೇ ಎಷ್ಟೋ ಸಲ ಹೇಳಿದ್ದಾಳೆ. ನಾನು ಮಾತು ಕಡಿಮೆಯ ಮನುಷ್ಯ. ಮನಸ್ಸಿನಲ್ಲಿದ್ದದ್ದನ್ನು ಹೇಳಲು ಬಾರದೆ ಸಿಡಿಮಿಡಿಗೊಳ್ಳುತ್ತೇನೆ. ಅದರಿಂದ ಅವಳು ಪಟ್ಟ ಪಾಡು ಕಡಿಮೆಯದಲ್ಲ. ಮದುವೆಯ ಹೊಸದರಲ್ಲೇ ನಾನು ಅವಳಿಗೆ ನಿಜ ಹೇಳಿದ್ದೆ. ಅವಳೂ ಚಿಕ್ಕಪ್ಪನ ಹಾಗೆಯೇ ನಕ್ಕಿದ್ದಳು.

ಈಚೆಗೆ, ಇಬ್ಬರಿಗೂ ತಲೆ ನರೆತ ಮೇಲೆ, ಒಂದು ಸಂಜೆ ಇನ್ನೊಮ್ಮೆ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಇಲ್ಲಿ ಬರೆದಿರುವ ಹಾಗೆಯೇ. ಈ ಸಲ ಅವಳು ನಗಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಬಿಟ್ಟು ನನ್ನ ಮುಖವನ್ನೇ ನೋಡಿದಳು.

“ಹಂಗಾದ್ರೆ ನಾನು ಒಪ್ಕೊಂಡಿದ್ದು ಯಾರನ್ನ?” ಎಂದಳು.

ನಾನು ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.