ಗುರುಬಸಮ್ಮನವರ ಕಣ್ಣು, ಸೋಮಶೇಖರಪ್ಪನವರ ಗಾಲ್ಫ್

ಆಂಧ್ರದ ಆದವಾನಿಯ ಹತ್ತಿ ಮಾರ್ಕೆಟ್ಟಿನವರಲ್ಲಿ ಗಾಲ್ಫ್ ಆಡಿ ಗೆದ್ದವರು ಒಬ್ಬರೇ ಒಬ್ಬರು, ದಲಾಲಿ ಅಂಗಡಿಯ ಸೋಮಶೇಖರಪ್ಪ. ಹೀಗೆಂದು ಊರಿಗೆಲ್ಲ ಹೇಳಿದವರೂ ಸೋಮಶೇಖರಪ್ಪನವರೇ. ಮದುವೆ ಮನೆಯಿರಲಿ, ಗೃಹಪ್ರವೇಶವಿರಲಿ, ಎಲೆ ಅಡಿಕೆ ತಟ್ಟೆ ಎದುರಿಗೆ ಬಂತೆಂದರೆ ಸಾಕು, ಮಾತು ಮಳೆಯಿಂದ ಹತ್ತಿಗೆ, ಹತ್ತಿಯಿಂದ ಕೊಯಮತ್ತೂರಿಗೆ, ಅಲ್ಲಿಂದ ಸೀದಾ ಊಟಿಯ ಹುಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಕೇಳುವವರಲ್ಲಿ ಗಾಲ್ಫ್ ಕಂಡವರು ಯಾರೂ ಇಲ್ಲ. ಮತ್ತೆ ಬಡಾಯಿಗೆ ಅಡ್ಡಿ ಯಾರದು?

ಗಾಲ್ಫ್ ಅವರಿಗೆ ಗಂಟುಬಿದ್ದದ್ದು ಹತ್ತಿಯ ದೆಸೆಯಿಂದ. ಕೊಯಮತ್ತೂರಿನ ಗಿರಣಿ ಯಜಮಾನ, ತೆಲುಗು ಮನೆಮಾತಿನ ವರದರಾಜುಲು ಇವರ ಅಂಗಡಿಯಿಂದಲೇ ಹತ್ತಿ ಕೊಳ್ಳುತ್ತಿದ್ದರು. ಹಂಗಾಮು ಮುಗಿದ ಮೇಲೆ ಪ್ರತಿ ವರ್ಷ ಸೋಮಶೇಖರಪ್ಪನವರನ್ನು ಹೆಂಡತಿ ಸಮೇತ ಕರೆಸಿಕೊಂಡು ಎರಡು ದಿನ ಉಪಚರಿಸುವುದು ಅವರ ಪದ್ಧತಿ. ಉಪಚಾರವೆಂದರೆ ಗಾಲ್ಫ್. ಒಂದು ವರ್ಷ ಕೊಯಮತ್ತೂರಿನಲ್ಲಿ, ಒಂದು ವರ್ಷ ಊಟಿಯಲ್ಲಿ, ಒಮ್ಮೊಮ್ಮೆ ಕೊಡೈಕನಾಲಿನಲ್ಲಿ. ಮೊದಲ ಸಲ ಕೋಲು ಕೈಗೆ ಕೊಟ್ಟಾಗ ಸೋಮಶೇಖರಪ್ಪ ಪ್ಯಾಂಟು ಮೇಲೆಳೆದುಕೊಂಡು, ಹಲ್ಲು ಕಚ್ಚಿ ಬೀಸಿದರು. ಮಣ್ಣು ಹಾರಿತು, ಹುಲ್ಲು ಹಾರಿತು, ಚೆಂಡು ಮಾತ್ರ ಇಟ್ಟ ಜಾಗದಲ್ಲೇ ಕೂತಿತ್ತು. ಎರಡನೇ ವರ್ಷವೂ ಅಷ್ಟೇ, ಹತ್ತನೇ ವರ್ಷವೂ ಅಷ್ಟೇ. "ಪರವಾಲೇದು ಸೋಮಶೇಖರಪ್ಪಗಾರೂ, ಮುಂದಿನ ವರ್ಷ ನೋಡೋಣ" ಎಂದು ವರದರಾಜುಲು ಬೆನ್ನು ತಟ್ಟುತ್ತಿದ್ದರು. ಒಳ್ಳೆಯ ಹತ್ತಿ ಕಳಿಸುವ ಮನುಷ್ಯನಿಗೆ ಗಾಲ್ಫೂ ಬರಬೇಕೆಂದರೆ ಹೇಗೆ?

ಆದರೆ ದೂರದ ಬೆಂಚಿನ ಮೇಲೆ, ಕೊಡೆಯ ನೆರಳಿನಲ್ಲಿ, ಹೆಂಡತಿ ಗುರುಬಸಮ್ಮ ಕೂತಿರುತ್ತಿದ್ದರಲ್ಲ! ಮೊದಲ ದಿನ ಸೋಮಶೇಖರಪ್ಪ ಮುಖ ಸಣ್ಣದು ಮಾಡಿಕೊಂಡೇ ಆ ಕಡೆ ಹೊರಟಿದ್ದರು.

"ಯಾರ್ ಗೆದ್ದಾರ್ರಿ?" ಎಂದು ಕೇಳಿದರು ಆಕೆ. ದನಿಯಲ್ಲಿ ಒಂದಿಷ್ಟೂ ಕುಹಕವಿಲ್ಲ.

"ನಾನ" ಎಂಬ ಮಾತು ಬಾಯಿಂದ ಜಾರಿಯೇಬಿಟ್ಟಿತು.

"ಚಲೋ ಆತು" ಎಂದು ಗುರುಬಸಮ್ಮ ರೊಟ್ಟಿ ಬುತ್ತಿ ಬಿಚ್ಚಿದರು. ಇವಳಿಗೆ ಈ ಆಟ ತಿಳಿಯುವುದಿಲ್ಲ ಎಂದುಕೊಂಡ ಸೋಮಶೇಖರಪ್ಪನವರ ಧೈರ್ಯ ಅಲ್ಲಿಂದ ಬೆಳೆಯಿತು ನೋಡಿ! ಕೆಲವು ವರ್ಷದ ಮೇಲೆ ಕೊಯಮತ್ತೂರಿನ ಅಂಗಡಿಯೊಂದರಲ್ಲಿ ಹಿತ್ತಾಳೆಯ ಕಪ್ ಒಂದನ್ನು ತಾವೇ ಕೊಂಡು, "ನನಗ ಕೊಟ್ರು" ಎಂದು ಮನೆಗೆ ತಂದರು. ಕಪ್ ಪಡಸಾಲೆಯ ಗೂಡಿನಲ್ಲಿ ಕೂತಿತು. ಗುರುಬಸಮ್ಮ ಹಬ್ಬ ಬಂದಾಗಲೆಲ್ಲ ಅದಕ್ಕೆ ಹುಣಿಸೆಹಣ್ಣು ಹಚ್ಚಿ ಬೆಳಗಿ ಇಡುತ್ತಿದ್ದರು.

ಈಚಿನ ಕೆಲವು ವರ್ಷ ವರದರಾಜುಲು ಅವರ ಕರೆಯೂ ನಿಂತಿತ್ತು. ಹೀಗೆ ಎಲ್ಲ ಸುಖವಾಗಿದ್ದಾಗ, ಹೋದ ದಸರೆಯ ಸುಮಾರಿಗೆ, ಗುರುಬಸಮ್ಮನವರ ಕಣ್ಣಿಗೆ ಪೊರೆ ಬಂತು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಬೆರಗಾದರು. ಪೊರೆಯೇನೋ ಈಚಿನದು, ಆದರೆ ಆಕೆಗೆ ದೂರದ್ದೆಲ್ಲ ಚಿಕ್ಕಂದಿನಿಂದಲೂ ಮಂಜು ಮಂಜಂತೆ! ಹತ್ತಿರದ್ದು ಚೊಕ್ಕವಾಗಿ ಕಾಣುತ್ತಿತ್ತು. ಅಕ್ಕಿಯಲ್ಲಿನ ಕಲ್ಲಾಗಲಿ ಸೂಜಿಯ ಕಣ್ಣಾಗಲಿ ತಪ್ಪಿದ್ದಿಲ್ಲ, ಹಾಗಾಗಿ ಕಟ್ಟಿಕೊಂಡ ಗಂಡನಿಗೂ ಗೊತ್ತಾಗಿರಲಿಲ್ಲ. ಹೆಣ್ಣು ನೋಡಲು ಬಂದಾಗ ಕಣ್ಣಿನ ಮಾತು ಎತ್ತಬೇಡ ಎಂದು ತಾಯಿ ಹೇಳಿದ್ದರಂತೆ. ಆಮೇಲೆ ಎತ್ತುವ ಪ್ರಸಂಗವೇ ಬರಲಿಲ್ಲವಂತೆ. ಆಪರೇಷನ್ ಮಾಡಿ, ಒಳಗೆ ಹೊಸ ಲೆನ್ಸ್ ಕೂಡಿಸಿ, ಪಟ್ಟಿ ಬಿಚ್ಚಿದ ಡಾಕ್ಟರಮ್ಮ "ಬಾಗುಂದಾ ಅಮ್ಮಾ?" ಎಂದು ಕೇಳಿದರೆ, ಗುರುಬಸಮ್ಮ "ಚಾಲಾ ಬಾಗುಂದಿ ತಲ್ಲೀ", ಬಹಳ ಚೆನ್ನಾಗಿದೆ ತಾಯಿ, ಎನ್ನುತ್ತ ಅವರ ಗಲ್ಲ ಹಿಡಿದುಕೊಂಡು ಅತ್ತೇಬಿಟ್ಟರು.

ಮನೆಗೆ ಬಂದವರೇ ಮಾಳಿಗೆ ಹತ್ತಿದರು.

"ಏನ್ರೀ, ಬರ್ರಿ ಇಲ್ಲಿ! ಬೆಟ್ಟದ ಮ್ಯಾಲ ಇಷ್ಟು ಕಲ್ಲು ಅದಾವ? ನಾನು ಎಲ್ಲಾ ಸೇರಿ ಒಂದ ಕಲ್ಲು ಅಂತ ತಿಳ್ಕೊಂಡಿದ್ದೆ!"

ಕೋಟೆಯ ಗೋಡೆ ಕಂಡಿತು, ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದ ಹತ್ತಿ ರಾಶಿ ಕಂಡಿತು, ಹೋಗುವ ರೈಲಿನ ಕಿಟಕಿಯಲ್ಲಿ ಕೈಯಾಡಿಸುವ ಮಕ್ಕಳು ಕಂಡರು. ಊಟಕ್ಕೆ ಕರೆದರೂ ಆಕೆ ಕೆಳಗಿಳಿಯಲೊಲ್ಲರು. ಸೋಮಶೇಖರಪ್ಪನವರಿಗೂ ಹಿಗ್ಗೇ ಹಿಗ್ಗು. ಹೊಸ ಮದುವಣಿಗನ ಹಾಗೆ ಹೆಂಡತಿಯ ಹಿಂದೆ ಹಿಂದೆ ತಿರುಗಿ, ಅದು ನೋಡು ಇದು ನೋಡು ಎಂದು ಬೊಟ್ಟು ಮಾಡಿ ತೋರಿಸಿದರು.

ಆ ಹಿಗ್ಗು ಇಳಿದದ್ದು ಸೊಸೆ ತ್ರಿವೇಣಿ ಟಿವಿ ಹಚ್ಚಿದ ದಿನ. ಯಾವುದೋ ದೇಶದ ಗಾಲ್ಫ್ ಬರುತ್ತಿತ್ತು. ಒಬ್ಬ ಕೋಲು ಬೀಸಿದ. ಚೆಂಡು ಮುಗಿಲಿಗೆ ಹಾರಿ, ಎಲ್ಲೋ ಇಳಿದು, ಉರುಳುತ್ತ ಹೋಗಿ ಬಾವುಟದ ಬುಡದ ಗುಳಿಯಲ್ಲಿ ಬಿತ್ತು. ಗುರುಬಸಮ್ಮ ಸೋಸುತ್ತಿದ್ದ ಸೊಪ್ಪು ಬಿಟ್ಟು ಎದ್ದು ನಿಂತರು.

"ಯವ್ವಾ! ಚೆಂಡು ಅಷ್ಟು ದೂರ ಹೋಗ್ತೈತೇನ? ಅಲ್ಲಿ ಗುಳಿ ಬ್ಯಾರೆ ಐತೇನ?"

"ಎಷ್ಟು ಸಲ ಹೋಗಿ ಬಂದೀರಲ್ರಿ ಅತ್ತೀ, ನೋಡಿಲ್ಲೇನು?" ಎಂದಳು ತ್ರಿವೇಣಿ.

"ಎಲ್ಲಿ ನೋಡ್ಲವ್ವ? ಕೆಳಗ ಹಸರು, ಮ್ಯಾಲ ಬಿಳುಪು, ನನಗ ಕಂಡಿದ್ದು ಅಷ್ಟ. ಊಟಿ, ಕೊಡೈಕನಾಲ್, ಕೊಯಮತ್ತೂರು, ಅಂಥಾ ಜಾಗಕ್ಕೆಲ್ಲಾ ಹೋಗಿ, ಕುಂತು, ರೊಟ್ಟಿ ತಿಂದು ಬಂದೀನಿ!" ಆಕೆ ಗಂಡನ ಕಡೆ ತಿರುಗಿದರು. "ಏನ್ರೀ, ಇನ್ನೊಂದ್ ಸಲ ಹೋಗೋಣ್ರಿ. ಅವನ್ನೆಲ್ಲಾ ನಾನು ಸರಿಯಾಗಿ ನೋಡ್ಬೇಕು. ನಿಮ್ಮ ಆಟಾನೂ ಕಣ್ತುಂಬ ನೋಡ್ಬೇಕು."

ಸೋಮಶೇಖರಪ್ಪನವರಿಗೆ ಈಗ ಹೊಳೆಯಿತು. ಹಾಗಾದರೆ ಇವಳು ನಂಬಿದ್ದು ಆಟ ತಿಳಿಯದೆ ಅಲ್ಲ, ಕಣ್ಣು ಕಾಣದೆ! ಈಗ ಹೋದರೆ ಎಲ್ಲ ಕಂಡುಬಿಡುತ್ತದೆ. ಊರವರಿಗೆ ಗೊತ್ತಾಗಿ ನಕ್ಕರೆ ನಗಲಿ, ಎರಡು ದಿನ ನಗುತ್ತಾರೆ. ಮೂವತ್ತು ವರ್ಷ ತನ್ನನ್ನು ಗೆದ್ದವನೆಂದು ನಂಬಿದ ಈ ಒಬ್ಬಳ ಎದುರಿಗೆ ಹೇಗೆ ಸೋಲುವುದು? ಅಂದು ಅವರಿಗೆ ಅನ್ನ ಸೇರಲಿಲ್ಲ.

ನೆಪಗಳಿಗೇನು ಬರ? ಮೊಣಕಾಲು ನೋವು ಎಂದರು. ಗುರುಬಸಮ್ಮ ಎಣ್ಣೆ ಕಾಯಿಸಿಕೊಂಡು ಬಂದರು. ಊಟಿಯಲ್ಲಿ ಮಳೆಯಂತೆ ಎಂದರು. ತ್ರಿವೇಣಿ ಫೋನಿನಲ್ಲಿ ನೋಡಿ, ಸಂಕ್ರಾಂತಿ ಕಳೆದ ಮೇಲೆ ಮಳೆಯಿಲ್ಲ ಮಾವಾರ, ಎಂದಳು. ಪಾಪ ವರದರಾಜುಲು ಅವರಿಗೆ ವಯಸ್ಸಾಯಿತು, ತೊಂದರೆ ಕೊಡಬಾರದು ಎಂದರು. ತ್ರಿವೇಣಿ ಅವರಿಗೇ ಫೋನು ಹಚ್ಚಿದಳು. ಆ ಮುದುಕರೋ, ಬರಲೇಬೇಕೆಂದು ತೆಲುಗಿನಲ್ಲಿ ಕೂಗಾಡಿ ಸಂಭ್ರಮಪಟ್ಟರು. ಟಿಕೆಟ್ಟೂ ಆಗಿಹೋಯಿತು.

ಇನ್ನುಳಿದದ್ದು ಆಟ ಕಲಿಯುವುದೊಂದೇ. ಆಸ್ಪರಿ ಕಡೆ ಅವರ ಹೊಲವಿತ್ತು. ಅರ್ಧದಲ್ಲಿ ಹತ್ತಿ, ಇನ್ನರ್ಧ ಶೇಂಗಾ ಕಿತ್ತು ಖಾಲಿ. ಹತ್ತಿ ಬಿಡಿಸುವ ಹೆಂಗಸರು ಮನೆಗೆ ಹೋದ ಮೇಲೆ ಸೋಮಶೇಖರಪ್ಪ ಊರುಗೋಲು ಹಿಡಿದು, ಅಡುಗೆಮನೆಯ ಬುಟ್ಟಿಯಿಂದ ಜೇಬಿನ ತುಂಬ ನಿಂಬೆಹಣ್ಣು ತುಂಬಿಕೊಂಡು ಅಲ್ಲಿಗೆ ಹೋಗತೊಡಗಿದರು. ಹಣ್ಣನ್ನು ಹೆಂಟೆಯ ಮೇಲಿಡುವುದು, ಕೋಲು ತಿರುವುಮುರುವು ಹಿಡಿದು ಬೀಸುವುದು. ಹೆಂಟೆ ಒಡೆಯಿತು, ಹಣ್ಣು ಜಜ್ಜಿತು, ಸೊಂಟ ಹಿಡಿಯಿತು. ಒಂದಾದರೂ ಮೇಲಕ್ಕೆ ಹಾರಲಿಲ್ಲ. ಹೊತ್ತು ಮುಳುಗಿದ ಮೇಲೆ ಆ ಹಣ್ಣುಗಳನ್ನು ಆರಿಸುತ್ತ ಯಾರು ಕೂಡುತ್ತಾರೆ? ಬಿಟ್ಟು ಬರುತ್ತಿದ್ದರು.

ಒಂದು ಬೆಳಿಗ್ಗೆ ಹತ್ತಿ ಬಿಡಿಸುವ ಗುಂಪಿನ ಹಿರಿಯಳು ಪಕೀರಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

"ಸಾವ್ಕಾರ್ರ, ಹೊಲಕ್ಕ ಯಾರೋ ಮಾಟ ಮಾಡ್ಸ್ಯಾರ್ರೀ! ಎಲ್ಲಿ ನೋಡಿದ್ರೂ ನಿಂಬಿಹಣ್ಣು! ನಮ್ಮ ಹೆಣ್ಮಕ್ಳು ಒಳಗ ಕಾಲಿಡಂಗಿಲ್ಲ ಅಂತ ಬದುವಿನ ಮ್ಯಾಲ ಕುಂತಾರ."

ಅದು ಮಾಟವಲ್ಲ, ನನ್ನ ಆಟ ಎನ್ನಬೇಕೆಂದರೆ ಪಕ್ಕದಲ್ಲಿ ಗುರುಬಸಮ್ಮ ನಿಂತಿದ್ದಾರೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಕೊನೆಗೆ ಚನ್ನಬಸಯ್ಯ ಎಂಬ ಅಯ್ಯನವರನ್ನು ಕರೆಸಬೇಕಾಯಿತು. ಅವರು ಹೊಲದ ನಾಲ್ಕು ಮೂಲೆಗೂ ವಿಭೂತಿ ಎರಚಿ, ಜಜ್ಜಿದ ಹಣ್ಣೊಂದರ ಮುಂದೆ ಬಗ್ಗಿ ನಿಂತು ತಲೆಯಾಡಿಸಿದರು.

"ಸೋಮಶೇಖರಪ್ಪನೋರ, ಇದು ಸಣ್ಣ ಮಾಟ ಅಲ್ರಿ. ಹೆಂಗ ಬಡದಾರ ನೋಡ್ರಿ ಹಣ್ಣನ್ನ. ನಿಮ್ಮ ಮ್ಯಾಲ ಯಾರಿಗೋ ಭಾಳ ಸಿಟ್ಟೈತಿ."

"ಹೌದ್ರಿ ಅಯ್ಯನೋರ" ಎಂದು ಸೋಮಶೇಖರಪ್ಪ ತಮ್ಮದೇ ನಿಂಬೆಹಣ್ಣಿಗೆ ಕೈಮುಗಿದು ನಿಂತರು. ಆರತಿ ತಟ್ಟೆ ಹಿಡಿದು ಬಂದಿದ್ದ ಗುರುಬಸಮ್ಮ ಒಂದು ಹಣ್ಣನ್ನು ಎತ್ತಿಕೊಂಡು ಮೂಸಿದರು. ಮುಟ್ಟಬ್ಯಾಡ್ರವ್ವಾ ಎಂದು ಪಕೀರಮ್ಮ ಚೀರಿದಳು.

"ಹಣ್ಣು ಚಲೋ ಇದ್ದವು, ಪಾಪ" ಎಂದಷ್ಟೇ ಹೇಳಿ ಗುರುಬಸಮ್ಮ ಅದನ್ನು ಕೆಳಗಿಟ್ಟರು. ಹತ್ತಿ ಬಿಡಿಸುವುದು ಮತ್ತೆ ಶುರುವಾಯಿತು. ಸೋಮಶೇಖರಪ್ಪನವರ ಕಲಿಕೆ ಅಲ್ಲಿಗೆ ಮುಗಿಯಿತು.

ಸಂಕ್ರಾಂತಿ ಕಳೆಯಿತು. ಆದವಾನಿ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಿನಿಂದ ಗುರುಬಸಮ್ಮ ಕಿಟಕಿ ಬಿಡಲಿಲ್ಲ. ಕೊಯಮತ್ತೂರಿನ ಮೈದಾನವನ್ನು ಆಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದೇ ನೋಡಿದರು. ಅಲ್ಲಿ ಸೋಮಶೇಖರಪ್ಪ ಪ್ರಯಾಣದ ಆಯಾಸ ಎಂದು ಹೇಳಿ ಪಾರಾದರು. ಊಟಿಯಲ್ಲಿ ಪಾರಾಗುವ ದಾರಿಯಿರಲಿಲ್ಲ.

"ಇಷ್ಟು ಗುಡ್ಡ ಇದ್ವೇನ್ರಿ ಇಲ್ಲಿ! ನಾನು ಕುಂದ್ರತಿದ್ದ ಬೆಂಚಿನ ಮುಂದ ಇಷ್ಟೆಲ್ಲಾ ಇತ್ತೇನ್ರಿ!" ಎನ್ನುತ್ತ ಗುರುಬಸಮ್ಮ ಅದೇ ಹಳೆಯ ಬೆಂಚಿನ ಮೇಲೆ ಕೂತರು. ವರದರಾಜುಲು ನಡುಗುವ ಕೈಯಲ್ಲೇ ಕೋಲು ಬೀಸಿದರು. ಟಕ್! ಚೆಂಡು ಹಾರಿತು. "ಅಕೋ, ಅಲ್ಲಿ ಬಿತ್ತು!" ಎಂದು ಗುರುಬಸಮ್ಮ ಚಪ್ಪಾಳೆ ತಟ್ಟಿದರು. "ಈಗ ನಿಮ್ದು ನೋಡ್ರಿ."

ಸೋಮಶೇಖರಪ್ಪ ಪ್ಯಾಂಟು ಮೇಲೆಳೆದುಕೊಂಡರು. ಬೀಸಿದರು. ಧಪ್! ಹುಲ್ಲಿನ ಹೆಂಟೆಯೊಂದು ಎದ್ದು ಬಂತು. ಇನ್ನೊಮ್ಮೆ ಬೀಸಿದರು. ಧಪ್! ಮೂರನೆಯ ಸಲಕ್ಕೆ ಕೈ ಮೇಲೇಳಲಿಲ್ಲ. ಕೋಲು ಅಲ್ಲೇ ಬಿಟ್ಟು ಬೆಂಚಿನ ಕಡೆ ನಡೆದರು. ವರದರಾಜುಲು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ಗುರುಬಸಮ್ಮಾ, ನನಗ ಈ ಆಟ ಬರಂಗಿಲ್ಲ. ಎಂದೂ ಬಂದಿಲ್ಲ. ಗೆದ್ದೀನಿ ಅಂತ ಹೇಳಿದ್ದೆಲ್ಲಾ ಸುಳ್ಳು."

"ಗೊತ್ತೈತ್ರಿ."

"ಗೊತ್ತೈತಿ? ಯಾರು ಹೇಳಿದ್ರು ನಿನಗ?"

"ಯಾರ್ ಹೇಳ್ಬೇಕು? ಕಣ್ಣು ಕಾಣ್ತಿದ್ದಿಲ್ಲ, ಕಿವಿ ಕೇಳ್ತಿದ್ವಲ್ಲ. ಇವರು ಹೊಡದ್ರ ಟಕ್ ಅಂತಿತ್ತು. ನಿಮ್ಮ ಸರದಿ ಬಂದ್ರ ಗುದ್ದಲಿ ಬಿದ್ದಂಗ ಧಪ್. ಮೊದಲ್ನೇ ದಿನಾನ ತಿಳೀತು."

"ಮತ್ತ, ಆ ಕಪ್?"

"ಅದರ ತಳದಾಗ ಅಂಗಡಿ ಚೀಟಿ ಅಂಟಿತ್ರಿ. ಹತ್ರದ್ದು ನನಗ ಚಂದ ಕಾಣ್ತಿತ್ತಲ್ಲ! ಬಂದವರು ಯಾರಾರ ನೋಡಿಗೀಡ್ಯಾರು ಅಂತ ಹುಣಿಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತಗದೆ. ಬಿಡಬೇಕಾದ್ರ ಮೂರು ಹಬ್ಬ ಹಿಡೀತು. ಬುಟ್ಟ್ಯಾಗಿನ ನಿಂಬಿಹಣ್ಣಿನ ಸುದ್ದೀನೂ ಹೇಳ್ಲೇನು?"

ಸೋಮಶೇಖರಪ್ಪನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಎಲ್ಲಾ ಗೊತ್ತಿದ್ದು, ನನ್ನ ಆಟ ನೋಡ್ಬೇಕು ಅಂತ ಯಾಕ ಎಳ್ಕೊಂಡು ಬಂದಿ?"

"ನೀವು ಅಲ್ಲಿಂದ ಇಲ್ಲಿ ತನಕ ಬರಬೇಕಾದ್ರ ನಿಮ್ಮ ಮಾರಿ ಹೆಂಗಿರ್ತೈತಿ ಅಂತ ನೋಡ್ಬೇಕಾಗಿತ್ರಿ. ಹತ್ರ ಬರೋದ್ರಾಗ ಯಾವಾಗ್ಲೂ ಗೆದ್ದ ಮಾರೀನ ಇರ್ತಿತ್ತು. ಅಷ್ಟು ದಾರಿ ನೀವು ಒಬ್ಬರ ಬರ್ತಿದ್ರಲ್ಲ."

ಹೆಂಡತಿ ಈ ಮಾತನ್ನು ನಗುತ್ತಲೇ ಹೇಳಿದರು. ಸೋಮಶೇಖರಪ್ಪ ಆಕೆಯ ಪಕ್ಕದಲ್ಲಿ ಕೂತರು. ಆಮೇಲೆ ಅವರಿಗೂ ನಗು ಬಂತು. ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಏನೆಂದು ತಿಳಿಯದ ವರದರಾಜುಲೂ ಜೊತೆಗೆ ನಕ್ಕರು.

ಕಣ್ಣೊರೆಸಿಕೊಂಡು ಕೋಲಿನ ಹತ್ತಿರ ಮರಳಿದ ಸೋಮಶೇಖರಪ್ಪ ಸುಮ್ಮನೆ ಒಮ್ಮೆ ಸುತ್ತ ನೋಡಿದರು. ಅರೆ, ಎಂಥ ಜಾಗವಪ್ಪ ಇದು! ಗುಡ್ಡದ ಮೈಯಲ್ಲಿ ಬಿಸಿಲು ಬಿದ್ದಿತ್ತು, ನೀಲಗಿರಿ ಮರಗಳ ವಾಸನೆ ಬರುತ್ತಿತ್ತು. ಇಷ್ಟು ವರ್ಷ ಚೆಂಡನ್ನೂ ಬೆಂಚನ್ನೂ ಬಿಟ್ಟು ಬೇರೇನನ್ನೂ ಅವರು ನೋಡಿರಲಿಲ್ಲ. ಕಣ್ಣು ಸರಿಯಿದ್ದೂ ನೋಡಿರಲಿಲ್ಲ. ಹೋಗಲಿ ಬಿಡು ಎಂದುಕೊಂಡು ಕೋಲು ಬೀಸಿದರು.

ಟಕ್!

ಚೆಂಡು ಎದ್ದಿತು. ಬಹಳ ದೂರವೇನಲ್ಲ, ಆದರೂ ಹಾರಿತು! ಪೊದೆ ದಾಟಿ ಆಚೆಯ ಇಳಿಜಾರಿನಲ್ಲಿ ಬಿತ್ತು. ಸೋಮಶೇಖರಪ್ಪ ಗಿರ್ರನೆ ತಿರುಗಿದರು.

"ನೋಡಿದ್ಯಾ? ಗುರುಬಸಮ್ಮಾ, ನೋಡಿದ್ಯಾ?"

ಗುರುಬಸಮ್ಮ ಬೇರೆ ಕಡೆ ಮುಖ ಮಾಡಿ ಕೂತಿದ್ದರು. "ಏನ್ರಿ? ಅಕೋ, ಅಲ್ಲಿ ಗುಡ್ಡದ ಮ್ಯಾಲ ಎಮ್ಮಿ ನೋಡ್ತಿದ್ದೆ. ಕೊಂಬು ಎಷ್ಟು ಅಗಲ ಅದಾವ ನೋಡ್ರಿ."

ಎಮ್ಮೆ! ಮೂವತ್ತು ವರ್ಷಕ್ಕೆ ಒಂದು ಚೆಂಡು ಹಾರಿದರೆ, ಆದವಾನಿಯಿಂದ ಬಂದ ಮಹಾತಾಯಿ ಎಮ್ಮೆ ನೋಡುತ್ತಿದ್ದಳು! ಸೋಮಶೇಖರಪ್ಪನವರ ಮುಖ ಬಾಡಿಹೋಯಿತು.

"ಅಲ್ಲಾ, ಟಕ್ ಅಂತಲ್ಲ" ಎಂದರು ಗುರುಬಸಮ್ಮ. "ಇವರ್ದು ಅಂತ ತಿಳ್ಕೊಂಡೆ." ಪಕ್ಕಕ್ಕೆ ತಿರುಗಿ ನೋಡಿದರು. ವರದರಾಜುಲು ಅಲ್ಲೇ ಬೆಂಚಿನ ತುದಿಯಲ್ಲಿ ಕೂತಿದ್ದರು. ಆಕೆ ಮೆಲ್ಲಗೆ ಗಂಡನ ಕಡೆ ಕತ್ತು ಹೊರಳಿಸಿದರು.

"ಯಾರ್ ಹೊಡದ್ರಿ?"

"ನಾನ" ಎಂದರು ಸೋಮಶೇಖರಪ್ಪ.

ಗುರುಬಸಮ್ಮ ಸೆರಗು ಸಿಕ್ಕಿಸಿಕೊಂಡು, "ಬರ್ರಿ, ಎಲ್ಲಿ ಬಿದ್ದೈತಿ ನೋಡಾಮು" ಎಂದು ಆ ಇಳಿಜಾರಿನ ಕಡೆ ಮುಂದೆ ಮುಂದೆ ನಡೆದರು.