ನನ್ನ ಚೆಂಡು ಹಿಡಿಯುತ್ತಿದ್ದ ಅಕ್ಕ

ಹೊಸೂರಿನ ನಮ್ಮ ಹೆಂಗಸರ ಬೇಸ್‌ಬಾಲ್ ತಂಡದಲ್ಲಿ ನಾನು ಚೆಂಡು ಎಸೆಯುವವಳು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದ ರಾಯಕೋಟೆಯ ಅಕ್ಕ ಬ್ಯಾಟ್‌ ಬೀಸುವವರ ಹಿಂದೆ ಕುಕ್ಕರುಗಾಲಲ್ಲಿ ಕೂತು ಆ ಚೆಂಡನ್ನು ಹಿಡಿಯುವ ಕ್ಯಾಚರ್. ಸಂಬಳಕ್ಕೆ ಆಡುವ ತಂಡ ನಮ್ಮದು. ಆ ವರ್ಷ ಬರೀ ಸೋಲು. ನನ್ನ ಎಸೆತ ತಪ್ಪಿದಾಗಲೆಲ್ಲ ಆಕೆ ಮಂಡಿಯ ಮಣ್ಣು ಕೊಡವಿ, "ಎಸಿ ಕಣೇ, ನಾನಿಲ್ವಾ?" ಎನ್ನುತ್ತಿದ್ದಳು.

ಕೃಷ್ಣಗಿರಿಯ ಪಂದ್ಯದಲ್ಲಿ ಕೊನೆಗೂ ಗೆಲುವು ಹತ್ತಿರವಿತ್ತು. ಅಕ್ಕ ಬೆರಳಲ್ಲಿ ಸನ್ನೆ ಮಾಡಿ ನಿಧಾನದ ಚೆಂಡು ಕೇಳಿದಳು. ನಾನು ಹಟಕ್ಕೆ ಬಿದ್ದು ಜೋರಾಗಿ ಎಸೆದೆ. ಅದು ಆಕೆಯ ಗ್ಲೌಸಿಗೆ ತಾಗಿ ಹಿಂದಕ್ಕೆ ಉರುಳಿತು. ಅಷ್ಟರಲ್ಲಿ ಮೂರನೇ ಬೇಸ್‌ನಲ್ಲಿ ಕಾಯುತ್ತಿದ್ದ ಎದುರಾಳಿ ಓಡಿ ಬಂದು ಗೆಲುವಿನ ರನ್ ತೆಗೆದುಕೊಂಡಳು.

"ಏನಮ್ಮಾ, ಇಷ್ಟೂ ಹಿಡಿಯಕ್ಕಾಗಲ್ವಾ? ವಯಸ್ಸಾಗೋಯ್ತು ನಿಂಗೆ!" ಎಂದು ಕೋಚ್ ಎಲ್ಲರೆದುರೇ ಕೂಗಿದರು.

ಅಕ್ಕ ಒಮ್ಮೆ ನನ್ನತ್ತ ನೋಡಿದಳು. ನಾನು ಬಗ್ಗಿ ಶೂ ದಾರ ಕಟ್ಟತೊಡಗಿದೆ.

"ನಂದೇ ತಪ್ಪು ಸಾರ್, ಕೈ ಜಾರ್ಬುಡ್ತು," ಎಂದಳು.

ಮುಂದಿನ ಪಂದ್ಯದ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಕಿಟ್ ವಾಪಸ್ ಕೊಡಲು ಬಂದವಳು ನನ್ನ ಪಕ್ಕ ಕೂತು, "ಈಗ ಬಂದಿರೋ ಕ್ಯಾಚರ್ ಹೊಸಬ್ಳು. ಅವಳು ಕೇಳಿದ್ದನ್ನೇ ಎಸಿಯಮ್ಮ," ಎಂದಳು.

ಕೋಚ್ ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದರು. "ಹೂಂ ಅಕ್ಕ," ಎಂದಷ್ಟೇ ಹೇಳಿದೆ.