ಹದಿನಾಲ್ಕು ಗಂಟೆಯ ದಾರಿ

ಇಪ್ಪತ್ತೆರಡು ವರ್ಷ ವಿಮಾನದ ಟಿಕೆಟ್ ಮಾರಿದವಳು ಒಂದು ಸಲವೂ ವಿಮಾನ ಹತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಆದರೂ ನಿಜ. ಅವಳು ಕೂರುವ ಕುರ್ಚಿಯ ಒಂದು ಕಾಲು ಗಿಡ್ಡ, ಅದರಡಿಗೆ ಮಡಚಿಟ್ಟ ಹಳೆಯ ವೇಳಾಪಟ್ಟಿ. ಎದುರಿಗೆ ಗಾಜು, ಗಾಜಿನಾಚೆ ಗಿರಾಕಿ. ಯಾವ ಊರಿಂದ ಯಾವ ಊರಿಗೆ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಆದರೆ ಆ ಗಂಟೆಗಳಲ್ಲಿ ಒಂದು ಕೈಚಳಕವಿತ್ತು. ಅಂಗಡಿಯ ಮಾಲೀಕ ಮೊದಲ ದಿನವೇ ಹೇಳಿಕೊಟ್ಟಿದ್ದ: "ಹಾರೋ ಹೊತ್ತಷ್ಟೇ ಹೇಳಮ್ಮ. ನಡುವೆ ಕಾಯೋದನ್ನೆಲ್ಲ ಸೇರಿಸಿದ್ರೆ ಗಿರಾಕಿ ಎದ್ದೇ ಹೋಗ್ತಾನೆ. ಟಿಕೆಟ್‌ನಲ್ಲಿ ಇರುತ್ತಲ್ಲ, ಓದ್ಕೊಳ್ಳಲಿ."

ಯಾರು ಓದುತ್ತಾರೆ, ಮಣ್ಣು! ಮೊದಮೊದಲು ಇವಳಿಗೆ ಮುಜುಗರವಾಗುತ್ತಿತ್ತು. ಆಮೇಲೆ ನಾಲಿಗೆ ಪಳಗಿತು.

ಇವಳ ಅಕ್ಕ ಇದ್ದದ್ದು ಹನ್ನೊಂದು ಸಾವಿರದ ಆರುನೂರು ಕಿಲೋಮೀಟರ್ ಆಚೆ. ತಾಯಿಯಿಲ್ಲದ ಮನೆಯಲ್ಲಿ ಇವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳೇ. ಒಂದು ದಿನ ಭಾವ ಫೋನ್ ಮಾಡಿದರು: "ಡಾಕ್ಟರು ಕೈಚೆಲ್ಲಿದ್ದಾರೆ. ಎರಡು ಮೂರು ದಿನ ಅಂತಾರೆ. ನಿನ್ನ ನೋಡ್ಬೇಕಂತೆ, ಹೊರಟು ಬಾರಮ್ಮ."

ಅಕ್ಕನಿಗೆ ಕಾಯಿಲೆ ಅಂದಾಗಲೇ ವೀಸಾ ಮಾಡಿಸಿಟ್ಟುಕೊಂಡಿದ್ದಳು; ಆ ದಿನವೇ ಹೊರಟಳು. ವಿಮಾನ ಹತ್ತುವ ಮುಂಚೆ ಫೋನ್ ಹಚ್ಚಿದರೆ ಅಕ್ಕನೇ ಎತ್ತಿಕೊಂಡಳು.

"ಎಷ್ಟು ಹೊತ್ತಾಗುತ್ತೇ ಬರೋಕೆ?"

"ಹದಿನಾಲ್ಕು ಗಂಟೆ ಅಕ್ಕ," ಅಂದಳು, ಸಾವಿರ ಸಲ ಅಂದ ಹಾಗೆಯೇ.

"ಸರಿ ಕಣೇ. ಎಚ್ಚರವಾಗೇ ಇರ್ತೀನಿ."

ಹಾರಿದ್ದು ಆರು ಗಂಟೆ. ನಡುವಿನ ಊರಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತದ್ದು ಹದಿಮೂರು. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಕೊರೆಯುತ್ತಿತ್ತು. ಇಷ್ಟು ವರ್ಷ ಎಷ್ಟು ಜನರನ್ನು ಇಲ್ಲಿ ಕೂರಿಸಿದೆನೋ ಎಂದು ತನಗೆ ತಾನೇ ಶಾಪ ಹಾಕಿಕೊಂಡಳು. ಮತ್ತೆ ಎಂಟು ಗಂಟೆ ಹಾರಾಟ, ಆಮೇಲೆ ಸಾಲು, ತಪಾಸಣೆ, ಟ್ಯಾಕ್ಸಿ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮೂವತ್ತೊಂದು ಗಂಟೆ ಕಳೆದಿತ್ತು.

ಅಕ್ಕ ಮಲಗಿದ್ದಳು. ಯಾರಿಂದಲೋ ನೀಟಾಗಿ ತಲೆ ಬಾಚಿಸಿಕೊಂಡಿದ್ದಳು.

ಭಾವ ಎದ್ದು ನಿಂತರು. "ನೋವಿಗೆ ಇಂಜೆಕ್ಷನ್ ಕೊಡ್ತೀವಿ ಅಂದ್ರೆ ಬೇಡ್ವೇ ಬೇಡ ಅಂದ್ಳಮ್ಮ. ಮಂಪರು ಬರುತ್ತೆ, ತಂಗಿ ಹದಿನಾಲ್ಕು ಗಂಟೆ ಅಂದಿದ್ದಾಳೆ, ಅಷ್ಟು ತಡ್ಕೋತೀನಿ ಅಂದ್ಳು. ಹದಿನಾಲ್ಕು ಆಯ್ತು. ಹದಿನೆಂಟಾಯ್ತು. ಹಲ್ಲು ಕಚ್ಕೊಂಡು ಬಾಗಿಲನ್ನೇ ನೋಡ್ತಿದ್ಳು. ನನ್ನ ಕೈಲಿ ನೋಡೋಕಾಗ್ಲಿಲ್ಲ, ಕೊಡಿಸ್ಬಿಟ್ಟೆ. ಇನ್ನು ಕಣ್ಣು ಬಿಡಲ್ಲ ಅಂತಾರೆ."

ಅವಳು ಅಕ್ಕನ ಕೈ ಹಿಡಿದಳು. ಕೈ ಬೆಚ್ಚಗಿತ್ತು, ಹಿಡಿತವಿರಲಿಲ್ಲ. "ಅಕ್ಕ, ಬಂದೆ ಕಣೇ," ಅಂದಳು. ರೆಪ್ಪೆ ಅಲುಗಲಿಲ್ಲ.

ಭಾವ ಕುರ್ಚಿ ಎಳೆದು ಕೊಟ್ಟರು. ಪಾಪ, ಅವರಿಗೇನು ಗೊತ್ತು. "ವಿಮಾನ ತಡ ಆಯ್ತೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ಹೌದು ಅಂದುಬಿಟ್ಟಿದ್ದರೆ ಆಗುತ್ತಿತ್ತು. ನಾಲಿಗೆ ಪಳಗಿದ್ದೇ ಅಲ್ಲವೇ.

"ಇಲ್ಲ ಭಾವ," ಅಂದಳು. "ವಿಮಾನ ಸರಿಯಾದ ಹೊತ್ತಿಗೇ ಬಂತು. ನಾನು ಅಕ್ಕಂಗೆ ಹೇಳಿದ ಹೊತ್ತೇ ಸುಳ್ಳು."